ಎರಡನೇ ಎಂಟರ್

ಹೊನ್ನಗುಡಿಯಲ್ಲಿ ಮಟಮಟ ಮಧ್ಯಾಹ್ನ ಆರನೇ ಓಣಿಯ ಗಾಳಿಬಾಗಿಲು ಮುಚ್ಚಲಾಯಿತು. ಒಳಗೆ ಮಲಗಿದ್ದ ನಾಲ್ವರು ಉಸಿರುಗಟ್ಟಿ ಸತ್ತರು. ಮುಚ್ಚಲು ಒಪ್ಪಿಗೆ ಹೋದದ್ದು ಮೇಲಿನ ನಿಯಂತ್ರಣ ಕೊಠಡಿಯ ಮೂರನೇ ಕಂಪ್ಯೂಟರಿನಿಂದ. ಅದರ ಮುಂದೆ ಆಗ ಕೂತಿದ್ದವಳು ಖಾಜಾಬಿ ಎಂಬ ಆಪರೇಟರು.

ಹೊನ್ನಗುಡಿಯ ಓಣಿಗಳು ಬಿಸಿಲು ಕಾಣುವ ಓಣಿಗಳಲ್ಲ. ಚಿನ್ನ ಬಗೆದು ಮುಗಿದ ಮೇಲೆ ಬಿಟ್ಟುಹೋದ ಗಣಿಯ ಸುರಂಗಗಳು ಅವು. ಬೇಸಿಗೆಯೆಂಬುದು ಬೆಳೆದು ಬೆಳೆದು ವರ್ಷದ ಬಹುಪಾಲನ್ನು ನುಂಗಿ, ತಗಡಿನ ಸೂರಿನಡಿ ಮಲಗಿದವರು ಮಲಗಿದಲ್ಲೇ ಬೇಯತೊಡಗಿದಾಗ ಸರ್ಕಾರ ತಂಪುನೆಲೆ ಮಂಡಳಿ ಎಂಬುದನ್ನು ಕಟ್ಟಿತು. ಮಂಡಳಿ ಉಳ್ಳವರ ಮನೆಗೆ ತಂಪುಯಂತ್ರ ಕೊಟ್ಟಿತು, ಇಲ್ಲದವರಿಗೆ ಸುರಂಗ ತೋರಿಸಿತು. ಯಾರ ಮುತ್ತಜ್ಜಂದಿರು ಆ ಸುರಂಗ ಕೊರೆದು ಎದೆತುಂಬ ಕಲ್ಲಿನ ದೂಳು ಹೊತ್ತು ಸತ್ತಿದ್ದರೋ ಅವರ ಮರಿಮಕ್ಕಳೇ ಒಲೆ, ಕೌದಿ, ಕೋಳಿ ಸಮೇತ ಅದರೊಳಗೆ ಇಳಿದರು. ಉದ್ಘಾಟನೆಯ ದಿನ ಮಂಡಳಿ ಅದನ್ನು ‘ಭೂಮಿತಾಯಿಯ ಮಡಿಲು’ ಎಂದು ಕರೆಯಿತು. ಮಡಿಲಲ್ಲಿ ಗಾಳಿ ಇರಲಿಲ್ಲ. ಅದನ್ನು ಮೇಲಿನಿಂದ ದೊಡ್ಡ ಪಂಖಗಳಲ್ಲಿ ನೂಕಬೇಕಿತ್ತು. ಒಂದೊಂದು ಓಣಿಗೂ ಒಂದೊಂದು ಕಬ್ಬಿಣದ ಗಾಳಿಬಾಗಿಲು. ಒಳಗೆ ಬೆಂಕಿ ಬಿದ್ದರೆ ಅದನ್ನು ಮುಚ್ಚಿ ಬೆಂಕಿಯ ಉಸಿರು ಕಟ್ಟಬೇಕೆಂಬುದು ಲೆಕ್ಕ. ಬೆಂಕಿಯ ಜೊತೆ ಇನ್ನಾರ ಉಸಿರು ಕಟ್ಟೀತು ಎಂದು ಯಾರೂ ಕೇಳಿರಲಿಲ್ಲ.

ಅವತ್ತು ಆರನೇ ಓಣಿಯಲ್ಲಿ ಬಿದ್ದದ್ದು ಬೆಂಕಿಯೂ ಅಲ್ಲ. ಯಾರೋ ಚಟ್ನಿಗೆಂದು ಒಣಮೆಣಸಿನಕಾಯಿ ಹುರಿದಿದ್ದರು. ಹೊಗೆ ಮೂಸಿ ನೋಡುವ ಯಂತ್ರ ಅದನ್ನು ಮೂಸಿತು.

ಎಚ್ಚರವಿದ್ದವರು ಹೊರಗೋಡಿ ಸುದ್ದಿ ಮೇಲೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಂಡಳಿಯ ಹೊನ್ನಗುಡಿ ಮುಖ್ಯಸ್ಥ ದೇಸಾಯಿ ಸಾಹೇಬರು ನಿಯಂತ್ರಣ ಕೊಠಡಿಗೆ ಬಂದು ನಿಂತರು. ಖಾಜಾಬಿ ಕುರ್ಚಿಯಿಂದ ಎದ್ದವಳು ಕೂಡಲು ಮರೆತಿದ್ದಳು.

“ಯಾರು ಒತ್ತಿದ್ದು?”

“ನಾ ಬಾಗಲಾ ಮುಚ್ಚಿಲ್ರಿ ಸಾಹೇಬ್ರ. ನಾಲ್ಕನೇ ಓಣಿಯವ್ರು ನೀರು ಯಾವಾಗ ಅಂತ ಕೇಳಿದ್ರು. ಸಂಜೀಗಿ ಬರ್ತದ ಅಂತ ಬರದು ಕಳಿಸಿದೆ. ಅಷ್ಟ ಮಾಡೀನ್ರಿ.”

“ಹಂಗಾದ್ರ ದೆವ್ವ ಬಂದು ಒತ್ತಿತೇನು? ನಿನ್ನ ಯಂತ್ರದಿಂದನ ‘ಹೌದು’ ಅಂತ ಹೋಗ್ಯದ.” ಸಾಹೇಬರು ಬಾಗಿಲ ಕಡೆ ತಿರುಗಿದರು. ಅಲ್ಲಿ ಕೈಯಲ್ಲಿ ಸ್ಕ್ರೂಡ್ರೈವರು ಹಿಡಿದು ಹುಲಿಗೆಪ್ಪ ನಿಂತಿದ್ದ. ಆ ಕೊಠಡಿಯ ಕಂಪ್ಯೂಟರುಗಳ ಯೋಗಕ್ಷೇಮವೆಲ್ಲ ಅವನದೇ. “ಏನಪಾ ಹುಲಿಗೆಪ್ಪ, ಯಂತ್ರದಾಗ ಏನರ ದೋಷ ಅದೇನು?”

ಹುಲಿಗೆಪ್ಪ ಆಗಲೇ ಪರದೆ ನೋಡಿದ್ದ. ಬಾಗಿಲು ಮುಚ್ಚಬೇಕೆ ಎಂಬ ಪ್ರಶ್ನೆ ತೆರೆದ ಗಳಿಗೆ, ಉತ್ತರ ಬಿದ್ದ ಗಳಿಗೆ, ಎರಡರ ನಡುವೆ ರೆಪ್ಪೆ ಬಡಿಯುವಷ್ಟೂ ತೆರಪಿರಲಿಲ್ಲ. ಹುಟ್ಟಿದ ಮನುಷ್ಯ ಯಾರೂ ಅಷ್ಟು ಬೇಗ ಓದಿ ‘ಹೌದು’ ಅನ್ನಲಾರ. ಅವನಿಗೆ ಎಲ್ಲ ತಿಳಿಯಿತು.

“ಯಂತ್ರ ಸರಿ ಅದ್ರಿ,” ಅಂದ.

ಮಾತು ಸುಳ್ಳಾಗಿರಲಿಲ್ಲ. ಯಂತ್ರ ತನಗೆ ಹೇಳಿದ್ದನ್ನೇ ಮಾಡಿತ್ತು. ಹೇಳಿದವನು ಹುಲಿಗೆಪ್ಪ.

ಖಾಜಾಬಿಯನ್ನು ಅವತ್ತೇ ಕೆಲಸದಿಂದ ನಿಲ್ಲಿಸಿದರು.

ಹುಲಿಗೆಪ್ಪ ಯಂತ್ರಕ್ಕೆ ಏನು ಹೇಳಿಕೊಟ್ಟಿದ್ದ ಎಂಬುದನ್ನು ಹೇಳಬೇಕು. ಆ ಕೊಠಡಿಯಲ್ಲಿ ಇರುವುದು ಲಿನಕ್ಸ್ ಕಂಪ್ಯೂಟರುಗಳು. ಒಂದೇ ಪರದೆಯ ಮೇಲೆ ನಾಲ್ಕಾರು ವಿಂಡೋಗಳು ತೆರೆದಿರುತ್ತವೆ: ನೀರಿನದೊಂದು, ಪಂಖದ್ದೊಂದು, ಓಣಿಯವರ ಜೊತೆ ಮಾತಿನದೊಂದು. ಆದರೆ ಕೀಬೋರ್ಡ್ ಒಂದೇ. ನೀವು ಒತ್ತಿದ ಅಕ್ಷರ ಯಾವ ವಿಂಡೋಗೆ ಹೋಗಬೇಕು? ಯಾವುದಕ್ಕೆ ಫೋಕಸ್ ಇದೆಯೋ ಅದಕ್ಕೆ. ಪಂಚಾಯ್ತಿಕಟ್ಟೆಯಲ್ಲಿ ಹತ್ತು ಜನ ಕೂತಿದ್ದರೂ ಗೌಡನ ಕಿವಿಗೆ ಬಿದ್ದ ಮಾತೇ ಮಾತು ಎನ್ನುವ ಹಾಗೆ. ಹೊಸ ವಿಂಡೋ ಒಂದು ಥಟ್ಟನೆ ತೆರೆದುಕೊಂಡರೆ ಅದು ತಾನೇ ಗೌಡನಾಗಿ ಬಂದು ಕೂಡಬೇಕೋ, ಹಿಂದೆ ನಿಂತು ಕಾಯಬೇಕೋ? ವಿಂಡೋಗಳ ಮೇಸ್ತ್ರಿಯಂಥ ಒಂದು ಪ್ರೋಗ್ರಾಮು ಇದನ್ನು ನೋಡಿಕೊಳ್ಳುತ್ತದೆ. ಮನುಷ್ಯ ಕೊನೆಯ ಬಾರಿ ಕೀಲಿ ಮುಟ್ಟಿದ್ದು ಯಾವಾಗ, ಈ ಹೊಸ ವಿಂಡೋವನ್ನು ಕರೆದವನು ಅವನೇನಾ, ಎಂದು ತಾಳೆ ಹಾಕುತ್ತದೆ. ಅವನು ಇನ್ನೆಲ್ಲೋ ಟೈಪ್ ಮಾಡುತ್ತಿದ್ದರೆ ಹೊಸದನ್ನು ಹಿಂದೆಯೇ ಇಟ್ಟು, ಅದರ ಹೆಸರನ್ನು ಮಾತ್ರ ಪರದೆಯ ಕೆಳಗಿನ ಪಟ್ಟಿಯಲ್ಲಿ ಮಿನುಗಿಸುತ್ತದೆ. ‘ಬಂದೀನಿ, ಬಿಡುವಾದಾಗ ನೋಡ್ರಿ’ ಎಂಬಂತೆ. ಎಷ್ಟು ಬಿಗಿಯಾಗಿ ತಡೆಯಬೇಕು ಎಂಬುದಕ್ಕೆ ಒಂದು ಸೆಟ್ಟಿಂಗ್ ಇದೆ. ತಡೆಯಲೇ ಬೇಡ ಎಂದೂ ಇಡಬಹುದು.

ಹುಲಿಗೆಪ್ಪ ಅದನ್ನು ತಡೆಯಲೇ ಬೇಡ ಎಂದು ಇಟ್ಟಿದ್ದ.

ಅದಕ್ಕೆ ಕಾರಣ ಮಂತ್ರಿಗಳ ಭೇಟಿ. ಅವತ್ತು ದೇಸಾಯಿ ಸಾಹೇಬರು ಗುಂಡಿ ಒತ್ತಿ ‘ಈಗ ನೋಡ್ರಿ ಸರ್, ಎಲ್ಲಾ ಓಣಿಗಳ ನಕ್ಷೆ’ ಎಂದು ಕೈಚಾಚಿ ನಿಂತರೆ ಪರದೆಯ ಮೇಲೆ ಎರಡನೇ ಓಣಿಯ ಹೆಣ್ಣುಮಗಳೊಬ್ಬಳ ದೂರು ಹಾಗೇ ನಿಂತಿತ್ತು: ‘ಸಂಡಾಸ ತುಂಬಿ ಹೊರಗ ಹರೀಲಿಕ್ಕತ್ಯದ, ಬರ್ತೀರೋ ಇಲ್ಲೋ?’ ನಕ್ಷೆ ಹಿಂದೆಲ್ಲೋ ತೆರೆದು ಕೆಳಗೆ ಮಿನುಗುತ್ತಿತ್ತು. ಮಂತ್ರಿಗಳ ಜೊತೆ ಬಂದವರು ಮುಸಿಮುಸಿ ನಕ್ಕರು. ಮಂತ್ರಿಗಳು ಹೋದ ಮೇಲೆ ಸಾಹೇಬರು ಹುಲಿಗೆಪ್ಪನನ್ನು ಕರೆದು ಬೆವರಿಳಿಸಿದರು. “ಏನು ತೆರೀತೀವೋ ಅದು ಮುಂದ ಬಂದು ನಿಂದ್ರಬೇಕು. ಹಿಂದ ಅಡಗಿ ಕೂಡಲಿಕ್ಕೆ ಅದೇನು ಸೊಸಿಯೇನು?”

“ಎಲ್ಲಾ ಮುಂದ ಬಂದ್ರ ಟೈಪ್ ಮಾಡೋವ್ರಿಗೆ ಗೊಂದಲ ಆಗ್ತದ್ರಿ…”

“ನೀ ಹೇಳಿದ್ದು ಮಾಡು.”

ನಕ್ಷೆಯೊಂದೇ ಮುಂದೆ ಬರಲಿ, ಉಳಿದವು ಹಿಂದೆಯೇ ಇರಲಿ ಎಂದು ಅದೊಂದಕ್ಕೆ ಬೇರೆ ನಿಯಮ ಬರೆಯಬಹುದಿತ್ತು. ಕಷ್ಟದ ಕೆಲಸವಲ್ಲ. ಆದರೆ ಬೈಸಿಕೊಂಡವನಿಗೆ ಬೇಗ ಮುಗಿಸಿ ಎದ್ದರೆ ಸಾಕಿತ್ತು. ಎಲ್ಲ ಯಂತ್ರಗಳಲ್ಲೂ ತಡೆಯನ್ನೇ ಕಿತ್ತು ಚಹಾ ಕುಡಿಯಲು ಹೋದ. ಚಹಾ ಚೆನ್ನಾಗಿತ್ತು. ಈಗ ಅದು ನೆನಪಾದರೆ ಅವನ ಬಾಯಿ ಒಣಗುತ್ತದೆ.

ಇನ್ನೊಂದು ಪಾಠವನ್ನೂ ಅವನೇ ಕಲಿಸಿದ್ದ. ಎಲ್ಲೋ ಬಳಸಿ ಬಿಸಾಡಿದ ಕೀಬೋರ್ಡುಗಳನ್ನು ಮಂಡಳಿ ಹೊನ್ನಗುಡಿಗೆ ಕಳಿಸಿತ್ತು. ಕಾವು, ದೂಳು ಸೇರಿ ಎಂಟರ್ ಕೀಲಿ ಒಂದೇ ಸಲಕ್ಕೆ ಹತ್ತುತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಬಂದ ಹೆಣ್ಣುಮಕ್ಕಳಿಗೆಲ್ಲ ಹುಲಿಗೆಪ್ಪ ನಗುತ್ತ ಹೇಳುತ್ತಿದ್ದ: “ಎರಡು ಸಲ ಒತ್ತವಾ. ಒಂದು ಯಂತ್ರಕ್ಕ, ಒಂದು ನಮ್ಮ ಸಮಾಧಾನಕ್ಕ.” ಆ ಕೊಠಡಿಯ ಸದ್ದೇ ಹಾಗಾಗಿತ್ತು. ಅಕ್ಷರಗಳ ಚಟಪಟ, ಕೊನೆಗೆ ಟಕ್ ಟಕ್. ಹೊರಗಿನವರು ಬಂದರೆ ‘ಇಲ್ಲೇನು ಅವಲಕ್ಕಿ ಕುಟ್ತೀರೇನು’ ಎಂದು ತಮಾಷೆ ಮಾಡುತ್ತಿದ್ದರು.

ಖಾಜಾಬಿಯ ಮೊದಲ ಎಂಟರ್ ‘ಸಂಜೀಗಿ ಬರ್ತದ’ ಎಂಬುದನ್ನು ನಾಲ್ಕನೇ ಓಣಿಗೆ ಒಯ್ದಿತು. ಆ ಗಳಿಗೆಗೆ ಸರಿಯಾಗಿ ಮೆಣಸಿನಕಾಯಿ ಹೊಗೆಯ ಸುದ್ದಿ ಬಂದು ‘ಗಾಳಿಬಾಗಿಲು ಮುಚ್ಚಬೇಕೆ?’ ಎಂಬ ವಿಂಡೋ ಎಲ್ಲದರ ಮೇಲೆ ಹಾರಿ ಕೂತಿತು. ‘ಹೌದು’ ಎಂಬುದು ಮೊದಲೇ ಗುರುತು ಹಚ್ಚಿಕೊಂಡು ಸಿದ್ಧವಾಗಿತ್ತು. ಎರಡನೇ ಎಂಟರ್ ಅಲ್ಲಿ ಬಿತ್ತು. ವಿಂಡೋ ಕೇಳಿತು, ಉತ್ತರ ಪಡೆಯಿತು, ಮಾಯವಾಯಿತು. ಖಾಜಾಬಿಯ ಕಣ್ಣು ಆಗ ಕೀಲಿಗಳ ಮೇಲಿತ್ತು.

ಮೇಲಿನವರೇ ಒಪ್ಪಿ ಮುಚ್ಚಿದ ಬಾಗಿಲಾದ್ದರಿಂದ ಗಂಟೆ ಬಾರಿಸಬೇಕೆಂದು ಯಾವ ಯಂತ್ರಕ್ಕೂ ಅನ್ನಿಸಲಿಲ್ಲ.

ಹುಲಿಗೆಪ್ಪನ ಮನೆ ಈಗ ನೆಲದ ಮೇಲಿದೆ. ಮಂಡಳಿಯ ಕ್ವಾರ್ಟರ್ಸು, ಗೋಡೆಯಲ್ಲಿ ತಂಪುಯಂತ್ರ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ. ಕೆಲಸ ಸಿಗುವ ಮೊದಲು ಅವನೂ ಹೆಂಡತಿ ಅಂಬಮ್ಮನೂ ಆರನೇ ಓಣಿಯಲ್ಲೇ ಇದ್ದವರು. ಸತ್ತ ನಾಲ್ವರಲ್ಲಿ ಒಬ್ಬಳು ಪಕ್ಕದ ಗೂಡಿನ ಸಾಬಮ್ಮ. ಹುಲಿಗೆಪ್ಪ ಪರೀಕ್ಷೆಗೆ ಓದುವಾಗ ಎಷ್ಟೋ ಸಲ ಅವನ ತಟ್ಟೆಗೆ ರೊಟ್ಟಿ ಹಾಕಿ ‘ಕಲಿಯೋ ಮಗನ, ನಮ್ಮೊಳಗಿನಿಂದ ಒಬ್ಬರ ಮ್ಯಾಲ ಹೋಗ್ರಿ’ ಅಂದವಳು. ಅವಳ ಮಣ್ಣಿಗೆ ಇವನು ಹೋಗಿರಲಿಲ್ಲ. ಯಂತ್ರ ನೋಡಬೇಕು, ಬಿಡುವಿಲ್ಲ ಅಂದಿದ್ದ.

ಮೂರನೇ ದಿನದ ಕಾರ್ಯಕ್ಕೆ ಅಂಬಮ್ಮ ಒಬ್ಬಳೇ ಕೆಳಗಿಳಿದು ಹೋಗಿ ಬಂದಳು. ಬಂದವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು.

“ನೀ ಎಲ್ಲಿ ಅಂತ ಎಲ್ಲಾರು ಕೇಳಿದ್ರು.”

“ಏನಂದಿ?”

“ಯಂತ್ರ ರಿಪೇರಿ ಮಾಡ್ಲಿಕ್ಕತ್ಯಾನ, ಇನ್ನೊಮ್ಮೆ ಹಂಗ ಆಗಬಾರದು ಅಂತ ಹಗಲೆಲ್ಲಾ ದುಡೀಲಿಕ್ಕತ್ಯಾನ ಅಂದೆ. ಸಾಬಮ್ಮನ ಮಗಳು ನನ್ನ ಕೈ ಹಿಡದು, ‘ನಮ್ಮವ ಒಬ್ಬ ಮ್ಯಾಲ ಇದ್ದಾನಲ್ಲ ಯಕ್ಕಾ, ಅದೊಂದು ಧೈರ್ಯ’ ಅಂದ್ಲು.”

ಹುಲಿಗೆಪ್ಪ ಮುಂದಿದ್ದ ತಟ್ಟೆಯಿಂದ ಕೈ ತೆಗೆದ.

“ಆ ಸಾಬರಾಕಿ ಖಾಜಾಬಿ ಬೇಕಂತನ ಮಾಡ್ಯಾಳ ಅಂತಾರ ಓಣ್ಯಾಗ,” ಅಂಬಮ್ಮ ದನಿ ತಗ್ಗಿಸಿದಳು. “ಆಫೀಸಿನ ಜೀಪಿನ ಡ್ರೈವರ ಹೇಳಿದ್ನಂತ. ಯಾರೋ ರೊಕ್ಕ ಕೊಟ್ಟು ಮಾಡಿಸ್ಯಾರಂತ.”

“ಯಾರು ಕೊಡ್ತಾರ? ಎದಕ ಕೊಡ್ತಾರ?”

“ನನಗೇನು ಗೊತ್ತು? ಮಂದಿ ಅಂದದ್ದು ಹೇಳಿದೆ.” ಎದ್ದು ಅವನ ತಟ್ಟೆ ಎತ್ತುತ್ತ ಅಂದಳು, “ಮುಂಜಾನೆ ಬಂದಿದ್ಲು ಆಕಿ. ಅಣ್ಣಾ ಇದ್ದಾರೇನು ಅಂತ. ಬಾಗಲಾಗನ ನಿಂದ್ರಿಸಿ, ಇಲ್ಲ ಹೋಗು ಅಂದೆ. ನೀರು ಕೇಳಿದ್ಲು. ಕೊಡ್ಲಿಲ್ಲ.”

ಮೇಲೆ ಆ ಬಿಸಿಲಿನಲ್ಲಿ ಬಂದವರಿಗೆ ಹಗೆಯಾದರೂ ನೀರು ಕೊಡದೆ ಕಳಿಸುವ ಪದ್ಧತಿ ಹೊನ್ನಗುಡಿಯಲ್ಲಿ ಇರಲಿಲ್ಲ. ಹುಲಿಗೆಪ್ಪ ಏನೋ ಹೇಳಹೋದ. ಯಾವ ಬಾಯಿಂದ ಹೇಳಬೇಕು? ಎದ್ದು ಹೋಗಿ ಹಿತ್ತಲಲ್ಲಿ ಕೈ ತೊಳೆದುಕೊಂಡ. ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತ ನಿಂತ.

ಖಾಜಾಬಿ ಮರುದಿನ ಕಚೇರಿಯ ಹಿಂದಿನ ಪಂಖದ ಶೆಡ್ಡಿನ ನೆರಳಲ್ಲಿ ಕಾದು ಕೂತಿದ್ದಳು. ನಾಲ್ಕೇ ದಿನಕ್ಕೆ ಮುಖ ಇಳಿದುಹೋಗಿತ್ತು. ಹುಲಿಗೆಪ್ಪ ಅವಳನ್ನು ಕಂಡು ಬೇರೆ ದಾರಿ ಹಿಡಿಯಲು ನೋಡಿದ. ಅವಳೇ ಎದ್ದು ಬಂದಳು.

“ಅಣ್ಣಾ, ಓಡಬ್ಯಾಡ್ರಿ. ನಾ ನಿಮಗ ಬೈಲಿಕ್ಕೆ ಬಂದಿಲ್ಲ.”

“ಹಂಗಲ್ಲವಾ ಖಾಜಾ, ಕೆಲಸ ಇತ್ತು…”

“ಒಂದ ಮಾತು ಕೇಳ್ತೀನಿ. ನಾ ಒತ್ತಿಲ್ಲ ಅಂತ ನಾನೂ ಅನ್ನೂದಿಲ್ಲ ಈಗ. ಪೊಲೀಸರು ಕೇಳಿ ಕೇಳಿ ನನ್ನ ಬೆರಳಿನ ಮ್ಯಾಲ ನನಗ ನಂಬಿಕಿ ಹೋಗ್ಯದ. ಒತ್ತಿರಬೇಕು. ಆದ್ರ ಯಾವಾಗ ಒತ್ತಿದೆ? ಆ ವಿಂಡೋ ನಾ ನೋಡೇ ಇಲ್ಲಲ್ಲ? ರಾತ್ರಿ ಮಲಕೊಂಡ್ರ ಬೆರಳು ತಾವ ಬಡಕೋತಾವ, ಟಕ್ ಟಕ್ ಅಂತ. ನಮ್ಮಮ್ಮ ಹಿಡಕೊಂಡು ಕೂಡ್ತಾಳ.” ಅವಳು ತನ್ನ ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡಳು. “ನೀವು ಕಲಿಸಿದಂಗನ ಒತ್ತೀನ್ರಿ ಅಣ್ಣಾ. ಎರಡು ಸಲ. ಅದರಾಗ ತಪ್ಪೇನರ ಆಯಿತೇನು?”

ಹುಲಿಗೆಪ್ಪ ನೆಲ ನೋಡಿದ. ನೆಲದಲ್ಲಿ ಅವಳ ಚಪ್ಪಲಿ ಕಂಡಿತು. ಒಂದರ ಉಂಗುಟಕ್ಕೆ ಪಿನ್ನು ಹಾಕಿತ್ತು. ಅಲ್ಲಿಂದಲೂ ಕಣ್ಣು ಕಿತ್ತ.

“ನೋಡೋಣವಾ,” ಅಂದ. ಅಷ್ಟು ಹೇಳಿ ಒಳಗೆ ಹೋದ.

ಒಳಗೆ ಯಾರೂ ಕೂಡದ ಮೂರನೇ ಕಂಪ್ಯೂಟರಿನ ಮುಂದೆ ಕೂತು, ಮೊದಲು ಅದರಿಂದ ಗಾಳಿಬಾಗಿಲುಗಳಿಗೆ ಹೋಗುವ ತಂತಿ ಬಿಡಿಸಿದ. ಮಾತಿನ ವಿಂಡೋ ತೆರೆದ. ಪಕ್ಕದ ಯಂತ್ರದಿಂದ ಸುಳ್ಳು ಹೊಗೆಯ ಸುದ್ದಿಯೊಂದು ಮೊದಲ ಎಂಟರಿನ ಬೆನ್ನಿಗೇ ಬರುವ ಹಾಗೆ ಹೊಂದಿಸಿದ. ‘ಸಂಜೀಗಿ ಬರ್ತದ’ ಎಂದು ಟೈಪ್ ಮಾಡಿ ಟಕ್ ಟಕ್ ಅಂದ. ಏನೂ ಕಾಣಲಿಲ್ಲ. ಕಣ್ಣೆವೆ ಮುಚ್ಚಿ ತೆರೆದಂತೆ ಪರದೆ ಒಮ್ಮೆ ಅಲುಗಿತು, ಅಷ್ಟೇ. ದಾಖಲೆ ತೆಗೆದು ನೋಡಿದರೆ ಆರನೇ ಓಣಿ, ಒಪ್ಪಿಗೆ, ಹೌದು. ಮತ್ತೆ ಮಾಡಿದ. ಗಡಿಬಿಡಿ ಇಲ್ಲದೆ, ಪರದೆಯನ್ನೇ ದಿಟ್ಟಿಸುತ್ತ ಮಾಡಿದ. ಆಗಲೂ ಅವನ ಬೆರಳು ಅವನ ಕಣ್ಣಿಗಿಂತ ಮುಂದೆ ಇತ್ತು. ಏನಾಗುತ್ತದೆಂದು ಗೊತ್ತಿದ್ದವನೇ, ಅದಕ್ಕೆಂದೇ ಕಾದು ಕೂತವನೇ, ನಾಲ್ವರನ್ನು ಮತ್ತೆ ಕೊಂದ. ಇನ್ನೊಮ್ಮೆ ಕೊಂದ. ಗಾಬರಿಯಾಗಿ ಕೈಯನ್ನು ತೊಡೆಯಡಿ ಇಟ್ಟುಕೊಂಡ.

ಎದ್ದು ಉಳಿದ ಯಂತ್ರಗಳಿಗೆಲ್ಲ ಹೋಗಿ ತಡೆಯನ್ನು ಮೊದಲಿನಂತೆ ಬಿಗಿ ಮಾಡಿದ. ‘ಹೌದು’ ಗುರುತು ತಾನಾಗಿ ಕೂಡದ ಹಾಗೆ ಮಾಡಿದ. ಆಪರೇಟರುಗಳಿಗೆ, “ಇವತ್ತಿನಿಂದ ಒಂದ ಸಲ ಒತ್ರಿ. ಹತ್ತದಿದ್ರ ನನ್ನ ಕರೀರಿ,” ಅಂದ. ಮೂರನೆಯದನ್ನು ಮಾತ್ರ ಮುಟ್ಟಲಿಲ್ಲ. ಯಾಕೆಂದು ತನಗೂ ಆಗ ಸ್ಪಷ್ಟವಾಗಿ ಹೇಳಿಕೊಳ್ಳಲಿಲ್ಲ.

ಅವತ್ತು ಮನೆಗೆ ಹೋದವನು ಚಪ್ಪಲಿ ಬಿಡುವ ಮೊದಲೇ ಅಂಬಮ್ಮನಿಗೆ ಹೇಳಿದ. ಮಂತ್ರಿ, ನಕ್ಷೆ, ಸೆಟ್ಟಿಂಗು, ಚಹಾ, ಎರಡು ಎಂಟರು. ಅವಳಿಗೆ ಅರ್ಧ ತಿಳಿಯಲಿಲ್ಲ. ತಿಳಿಯಬೇಕಾದ ಅರ್ಧ ತಿಳಿಯಿತು.

“ಹಂಗಾದ್ರ ಆಕಿಗಿ ನೀರು ಕೊಡಲಾರದ ಕಳಿಸಿದೆನಲ್ಲೋ ನಾನು,” ಅಂದಳು. ಆಮೇಲೆ ಗಂಡನ ಮುಖ ನೋಡಿದಳು. “ಸಾಬಮ್ಮನ ಮನಿಯಾಗ ಕುಂತು ನಿನ್ನ ಹೆಸರು ದೊಡ್ಡದು ಮಾಡಿ ಬಂದೀನಿ. ನನ್ನ ಬಾಯಾಗ ಮಣ್ಣು ಹಾಕ್ಸಿದೆಲ್ಲ ನೀನು!”

“ಸಾಹೇಬ್ರು ಮಾಡು ಅಂದ್ರು, ಅಂಬಿ.”

“ಹೂಂ. ತೆಳಗ ಇದ್ದಾಗ ಮ್ಯಾಲಿನವ್ರು ಮಾಡ್ಯಾರ, ಮ್ಯಾಲಿನವ್ರು ಮಾಡ್ಯಾರ ಅಂತ ಕುಣಿದು ಬೈತಿದ್ದಿ. ಈಗ ನೀನು ಯಾವ ಕಡಿಯಾಂವ?”

ಅವಳು ಉತ್ತರಕ್ಕೆ ಕಾಯಲಿಲ್ಲ. ಒಂದು ಕೊಡ ನೀರು, ಒಂದಿಷ್ಟು ರೊಟ್ಟಿ ಕಟ್ಟಿಕೊಂಡು ಖಾಜಾಬಿಯ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು, “ನನಗ ಆಕಿ ಬಾಗಲಾ ತೆರೀದಿದ್ರ ಅದು ನ್ಯಾಯನ,” ಅಂದಳು.

ವಿಚಾರಣಾ ಸಮಿತಿ ರಾಜಧಾನಿಯಿಂದ ಬಂದದ್ದು ಆ ವಾರದ ಕೊನೆಗೆ. ಅವರ ಗಾಡಿ ಊರು ಮುಟ್ಟುವ ಮೊದಲೇ ದೇಸಾಯಿ ಸಾಹೇಬರು ನಿಯಂತ್ರಣ ಕೊಠಡಿಗೆ ಬಂದರು. ಆಪರೇಟರುಗಳನ್ನು ಹೊರಗೆ ಕಳಿಸಿ, ಕುರ್ಚಿ ಎಳೆದುಕೊಂಡು ಹುಲಿಗೆಪ್ಪನ ಪಕ್ಕದಲ್ಲೇ ಕೂತರು. ಅಷ್ಟು ಹತ್ತಿರ ಅವರು ಹಿಂದೆಂದೂ ಕೂತಿರಲಿಲ್ಲ.

“ಉಳದ ಯಂತ್ರ ಎಲ್ಲಾ ಸರಿ ಮಾಡೀದಿ ಅಂತ ಕೇಳಿದೆ. ಶಾಣ್ಯಾ ಇದ್ದಿ. ಮೂರನೇದೊಂದು ಯಾಕ ಬಿಟ್ಟಿ?”

“ಅದು ಅವತ್ತು ಹೆಂಗಿತ್ತೋ ಹಂಗ ಇರಲಿ ಅಂತ್ರಿ.”

“ಸಮಿತಿಯವ್ರು ಅದರ ಮುಂದನ ಕೂಡ್ತಾರ. ಹೊಗಿ ಸುದ್ದಿ ಕಳಿಸಿ ನೋಡ್ತಾರ. ವಿಂಡೋ ಹಿಂದ ಉಳದು ತೆಳಗ ಮಿನುಗಬೇಕು. ಅದನ್ನ ಕೆದಕಿ ಮುಂದ ತಂದು, ಓದಿ, ಹೌದು ಅಂತ ಒತ್ತಿದ್ರನ ಬಾಗಲಾ ಮುಚ್ತದ ಅಂತ ಅವ್ರ ಕಣ್ಣಿಗೆ ಕಾಣಬೇಕು. ಸೆಟ್ಟಿಂಗ ಹಿಂದಿನಂಗ ಇಡು. ಬದಲು ಮಾಡಿದ ತಾರೀಖೂ ಹಿಂದಕ ಹಾಕು. ನಿನಗ ಹೇಳಿಕೊಡಬೇಕೇನು?”

ಅವರಿಗೆ ಎಲ್ಲ ಗೊತ್ತಿತ್ತು. ಹುಲಿಗೆಪ್ಪನಿಗಿಂತ ಮೊದಲೇ ಗೊತ್ತಿತ್ತೇನೋ. ದೋಷ ಇದೆಯೇನು ಎಂದು ಅವತ್ತು ಎಲ್ಲರ ಮುಂದೆ ಕೇಳಿದ್ದು, ಇಲ್ಲ ಎಂಬ ಮಾತು ಇವನ ಬಾಯಿಂದ ಬೀಳಲಿ ಎಂದೇ.

“ಖಾಜಾಬಿಗೆ ಏನಾಗ್ತದ್ರಿ?”

“ಬೇಕಂತನ ಒತ್ಯಾಳ ಅಂತ ಆಗ್ತದ. ಅದು ಕೋರ್ಟು ನೋಡಿಕೊಳ್ತದ.” ಸಾಹೇಬರು ದನಿಯನ್ನು ಮೆತ್ತಗೆ ಮಾಡಿದರು. “ತಮ್ಮಾ, ನಾ ನಿನಗ ಕೆಟ್ಟ ಕೆಲಸ ಹಚ್ಚಿಲ್ಲ. ತಪ್ಪು ಸೆಟ್ಟಿಂಗ ಇದ್ದದ್ದು ಸರಿ ಮಾಡು ಅನ್ಲಿಕ್ಕತ್ತೀನಿ. ಇದರಾಗ ಪಾಪ ಎಲ್ಲಿ ಬಂತು? ಅದನ್ನ ಕಿತ್ತ ಕೈ ಯಾರದು? ನಿಂದು. ನಾ ಬಾಯಿಮಾತಿನಾಗ ಹೇಳಿದ್ದು ಗೋಡಿಗೂ ಕೇಳಿಲ್ಲ. ನಾಳೆ ಕ್ವಾರ್ಟರ್ಸು ಬಿಟ್ಟು ಮತ್ತ ತೆಳಗ ಹೋಗ್ತೀಯೇನು? ಆರನೇ ಓಣಿಯಾಗ ಗೂಡು ಖಾಲಿ ಆಗ್ಯಾವ ಬಿಡು.”

ಕೊನೆಯ ಮಾತು ಆಡಿ ಸಾಹೇಬರು ತಾವೇ ಸಣ್ಣಗೆ ನಕ್ಕರು.

ಹುಲಿಗೆಪ್ಪನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಂದದ್ದು ನಾಚಿಕೆ. ಈ ಮನುಷ್ಯ ತನ್ನ ಮುಂದೆ ಹೀಗೆ ನಗಬಲ್ಲ. ಈ ನಗೆಗೆ ತಾನೂ ಜೊತೆಗೂಡುತ್ತೇನೆ ಎಂಬ ಭರವಸೆ ಅವರಿಗಿದೆ. ಆ ಭರವಸೆಯನ್ನು ವರ್ಷಗಟ್ಟಲೆ ತಾನೇ ಕೂಡಿಸಿಕೊಟ್ಟಿದ್ದೇನೆ, ತಲೆ ಆಡಿಸಿದ ಒಂದೊಂದು ಸಲಕ್ಕೂ ಒಂದೊಂದು ಹಿಡಿ.

“ಜೇಲು ನನಗ ಆಗ್ಲಿ ಬಿಡ್ರಿ,” ಅಂದ. “ಕೈ ನಂದು ಅಂತ ನಾನ ಹೇಳ್ತೀನಿ. ಹೇಳಿದ ಬಾಯಿ ಯಾರದು ಅಂತಾನೂ ಹೇಳ್ತೀನಿ.”

“ಯಾರು ನಂಬ್ತಾರ?”

“ನಂಬೂದು ಬ್ಯಾಡ್ರಿ. ಅವ್ರೂ ಕುಂತು ಒಂದು ಸಾಲು ಟೈಪ್ ಮಾಡ್ಲಿ. ಎರಡು ಸಲ ಒತ್ಲಿ. ತಮ್ಮ ಕೈಲೆ ತಾವ ಮುಚ್ಚಿ ನೋಡ್ಲಿ.”

ಅಂಗಳದಲ್ಲಿ ಗಾಡಿ ನಿಂತ ಸದ್ದಾಯಿತು. ಯಾರೋ ಬಾಗಿಲು ತೆರೆದು, ಎಂಥ ಬಿಸಿಲಪ್ಪಾ ಅಂದರು. ದೇಸಾಯಿ ಸಾಹೇಬರು ಕಿಟಕಿಯತ್ತ ನೋಡಿ ಎದ್ದು ನಿಂತರು. ಈಗ ಅವರ ದನಿಯಲ್ಲಿ ‘ತಮ್ಮಾ’ ಎಂಬುದೂ ಇರಲಿಲ್ಲ, ಮೆದುತನವೂ ಇರಲಿಲ್ಲ.

“ಪಾಸ್‌ವರ್ಡ್ ಹೇಳು. ನಾ ಮಾಡ್ತೀನಿ.”

“ಇಲ್ರಿ.”

“ಏಳು ಅಲ್ಲಿಂದ. ಕುರ್ಚಿ ಬಿಡು.”

ಹುಲಿಗೆಪ್ಪ ಎರಡೂ ಕೈಗಳನ್ನು ಕೀಬೋರ್ಡಿನ ಮೇಲೆ ಚಾಚಿ ಇಟ್ಟು, ಮೊದಲ ಸಲ ಸಾಹೇಬರ ಕಣ್ಣು ನೋಡಿದ.

“ಏಳೂದಿಲ್ರಿ.”